ಉದ್ದಿನ ಕಟ್ಟೆ

ಮಂಡ್ಯದವನಿಗೆ ಮಂಡಿನೋವು.
ಪ್ರಾಸ ಚೆನ್ನಾಗಿದೆ, ನಗಿ.
ಬೆಲ್ಲದ ಮಂಡಿಯಲ್ಲಿ ಲೆಕ್ಕ ಬರೆಯುವ ನನ್ನ ಷಡ್ಡಕ
ಮೂರನೇ ಅರ್ಥವನ್ನೂ ಸೇರಿಸಿ
ಬೀಗರೂಟದಲ್ಲಿ ಎಲ್ಲರನ್ನೂ ನಗಿಸಿದ.
ನಾನು ಮುದುಕರ ಜೊತೆ ಕುರ್ಚಿ ಪಂಕ್ತಿಯಲ್ಲಿದ್ದೆ.
ನನಗಿನ್ನೂ ಐವತ್ತೊಂದು.

ಇಪ್ಪತ್ತೇಳು ವರ್ಷ ನಾಲೆ ಏರಿಯ ಮೇಲೆ ನಡೆದ ನೀರುಗಂಟಿ ನಾನು.
ತೂಬಿನ ಮುಂದೆ ಕುಕ್ಕರಗಾಲಲ್ಲಿ ಕೂತು
ಹಲಗೆ ಎತ್ತು, ಹಲಗೆ ಇಳಿಸು.
ಮೇಲಿನ ಗದ್ದೆಯವರ ಬೈಗುಳ ಬೆಳಿಗ್ಗೆ,
ಕೊನೆ ಗದ್ದೆಯವರದು ರಾತ್ರಿ.
ಈಗ ಕೂತರೆ ಏಳಲಾರೆ.
ಎದ್ದರೆ, ಒಳಗೆ ಯಾರೋ
ಕಬ್ಬಿನ ಒಣ ತರಗು ತುಳಿದ ಸದ್ದು.

ಗುತ್ತಲು ರಸ್ತೆಯ ಹಳೇ ಮಹಡಿ ಮನೆ.
ಡಾಕ್ಟರ್ ಯದುಶೈಲಾ, ಮೇಲುಕೋಟೆ ಕಡೆಯವರು,
ಎಕ್ಸ್‌ರೇ ಹಾಳೆಯನ್ನು ಕಿಟಕಿಗೆ ಹಿಡಿದು
ಬಹಳ ಹೊತ್ತು ನೋಡಿದರು.
"ಸವೆದದ್ದು ವಾಪಸು ಬರಲ್ಲ, ಪುಟ್ಟಂಕೇಗೌಡ್ರೇ.
ಒಣಗಿದ್ದು ಸ್ವಲ್ಪ ನೆನೀಬಹುದು. ಅಷ್ಟೇ ಹೇಳಬಲ್ಲೆ."
ಅಷ್ಟು ಕಡಿಮೆ ಹೇಳಿದ್ದಕ್ಕೇ
ನನಗೆ ನಂಬಿಕೆ ಬಂತು.

"ವಾತ" ಅಂದರು. "ಒಣಗಿಸೋ ಗಾಳಿ.
ನಡುವಯಸ್ಸು ದಾಟುವಾಗ ಸಂದುಸಂದಿಗೂ ಹೊಗುತ್ತೆ."
ಗಾಳಿಯ ವಿಷಯ ನಾನರಿಯೆ.
ನೀರು ಗೊತ್ತು.
ನೀರು ಬಿಡದ ಕಾಲುವೆ ಗೊತ್ತು:
ಮೊದಲು ಬಿರುಕು, ಆಮೇಲೆ ಏಡಿ ತೂತು,
ಆಮೇಲೆ ನೀರು ಬಿಟ್ಟರೂ ನಿಲ್ಲದು.

ನಿಂಗರಾಜ ಅನ್ನುವ ಹುಡುಗ
ಉದ್ದಿನ ಹಿಟ್ಟು ಕಲಸಿ, ಉದ್ದಕ್ಕೆ ಹೊಸೆದು,
ಮಂಡಿಚಿಪ್ಪಿನ ಸುತ್ತ ಕಟ್ಟೆ ಕಟ್ಟಿದ.
ಬೆಚ್ಚಗಿನ ತೈಲ ಹೊಯ್ದ.
ತಲೆ ಎತ್ತಿ ನೋಡಿದೆ:
ಅಂಗೈಯಗಲದ ಕನ್ನಂಬಾಡಿ!
"ಇವತ್ತು ಎಷ್ಟಡಿ?" ಅಂದೆ.
"ನೂರಿಪ್ಪತ್ನಾಕು, ಸಾ. ಫುಲ್ಲು."
ಈ ಜಿಲ್ಲೆಯಲ್ಲಿ ಯಾರಿಗೂ
ಆ ಪ್ರಶ್ನೆ ಬಿಡಿಸಿ ಹೇಳಬೇಕಿಲ್ಲ.

ಏಳನೇ ನಿಮಿಷಕ್ಕೆ
ಮೀನಖಂಡದ ಕಡೆ ಒಂದು ಬಿಸಿ ಗೆರೆ ಇಳಿಯಿತು.
ಹುಡುಗ ಫೋನಿನಲ್ಲಿದ್ದ.
ನಾನು ಕೂಗಲಿಲ್ಲ, ಬೆರಳು ತಾನೇ ಹೋಯಿತು.
ಸೋರುವುದನ್ನು ಹೊರಗಿನಿಂದ ಮೆತ್ತಬಾರದು,
ನೀರಿನ ಕಡೆಯಿಂದ ಒತ್ತಬೇಕು,
ಅಪ್ಪ ಕಲಿಸಿದ್ದು.
ತೈಲದೊಳಗೆ ಬೆರಳಿಳಿಸಿ ಹಿಟ್ಟು ತೀಡಿದೆ.
ನಿಂತಿತು.
ಡಾಕ್ಟರಮ್ಮ ಬಾಗಿಲಲ್ಲಿದ್ದರು.
"ಕೆಲಸಕ್ಕೆ ಬರ್ತೀರಾ?" ಅಂದರು.

ಚೀಟಿಯಲ್ಲಿ: ರಾತ್ರಿ ಮೊಸರು ಬೇಡ, ಹಗಲು ನಿದ್ದೆ ಬೇಡ,
ಲಕ್ಕಿ ಸೊಪ್ಪು ಬಾಡಿಸಿ ಗಂಟು ಕಟ್ಟಿ ಶಾಖ.
ಲಕ್ಕಿ!
ಏರಿಯುದ್ದಕ್ಕೂ ಬೆಳೆದದ್ದನ್ನು
ಸಾಹೇಬರು ಬರುವ ಮುನ್ನ
ವರ್ಷ ವರ್ಷ ಕುಡುಗೋಲಲ್ಲಿ ಸವರಿದವನು ನಾನೇ.
ವರ್ಷ ವರ್ಷ ಚಿಗುರಿತು.
ನನಗಾಗಿ ಕಾದಿತ್ತು ಅನ್ನಲಾರೆ.
ಗಿಡಕ್ಕೆ ಗಿಡದ್ದೇ ಕೆಲಸ ಇರುತ್ತೆ.

ಒಂದು ವಾರ ಆಯಿತು. ನೋವು ಹೋಯಿತೇ?
ರೂಪಾಯಿಗೆ ನಾಲ್ಕಾಣೆ.
ಮೆಟ್ಟಿಲು ಇನ್ನೂ ಮೆಟ್ಟಿಲೇ.
ಆದರೆ ನಿನ್ನೆ ತೂಬಿನ ಹತ್ತಿರ
ಅರ್ಧ ಬಗ್ಗಿದೆ,
ಹಲಗೆ ಕೈಗೆ ಸಿಕ್ಕಿತು.

ರಾತ್ರಿ ನನ್ನ ಶಾಖದ ಗಂಟನ್ನು ಕಾಯಿಸಿಕೊಂಡು
ಕೆಂಪಾಜಮ್ಮ ಒಲೆ ಮುಂದಿನಿಂದ ಎದ್ದಳು.
ಎದ್ದದ್ದಲ್ಲ.
ಗೋಡೆ ಹಿಡಿದಳು, ಉಸಿರು ಹಿಡಿದಳು, ಆಮೇಲೆ ಎದ್ದಳು.
ಎಷ್ಟು ದಿನದಿಂದ?
"ನಾಟಿಯಿಂದ."
ಯಾವ ನಾಟಿ?
ಲೆಕ್ಕ ಹಾಕಿದಳು. ಹೇಳಲಿಲ್ಲ.
"ಓಗ್ಲಿ ಬುಡಿ. ಕಾಲು ನೀಡಿ, ಆರೋಯ್ತದೆ."

ಊರಿಗೆಲ್ಲ ಪಾಳಿ ಹಂಚಿದೆ.
ಕೊನೆ ಗದ್ದೆ ನನ್ನ ಮನೆಯೊಳಗೇ ಇತ್ತು.

ಬೆಳಿಗ್ಗೆ ಒಂದು ಸೇರು ಉದ್ದು ಹೊತ್ತು
ಹಿಟ್ಟಿನ ಗಿರಣಿಗೆ ಹೋದೆ, ನಡೆದೇ.
"ವಡೆಗಾ, ದೋಸೆಗಾ?" ಅಂದ ಗಿರಣಿಯವನು.
ಸೋರಬಾರದು ಕಣಯ್ಯ,
ಅಂಗೆ ಬೀಸು ಅಂದೆ.