ನಲವತ್ತು ಪದದ ಚೀಟಿ

ಸುಂಟಿಕೊಪ್ಪದ ಆಚೆ, ಹಳೇ ಪಲ್ಪರ್ ಮನೆ.
ಕಾಫಿ ಸಿಪ್ಪೆ ಕೊಳೆತ ವಾಸನೆ ಇನ್ನೂ ಗೋಡೆ ಬಿಟ್ಟಿಲ್ಲ;
ಅದರ ಮೇಲೆ ಈಗ ಹುರಿದ ಬಾರ್ಲಿಯ ಕಂಪು,
ಹಳೇ ಬಾಡಿಗೆದಾರನ ಚಾಪೆಯ ಮೇಲೆ
ಹೊಸಬ ಮಲಗಿದ ಹಾಗೆ.

ಪೂವಮ್ಮ ಮೂರು ಉಕ್ಕಿನ ಹಂಡೆ ಇಳಿಸಿದಳು,
ನನ್ನನ್ನು ಕರೆಸಿದಳು:
"ಮೂವತ್ತೊಂದು ವರ್ಷ ಇತಿಹಾಸ ಹೇಳಿದಿರಿ ಮೇಷ್ಟ್ರೇ,
ನಾನು ಕೊನೇ ಬೆಂಚಲ್ಲಿ ನಿದ್ದೆ ಹೊಡೆದೆ.
ಈಗ ಬಾಟಲಿಗೊಂದರಂತೆ ಬರೆದುಕೊಡಿ, ನಲವತ್ತು ಪದ.
ಹೆಚ್ಚಾದರೆ ಚೀಟಿಯಲ್ಲಿ ಹಿಡಿಸಲ್ಲ,
ಅಬಕಾರಿಯವರ ಎಚ್ಚರಿಕೆಗೂ ಜಾಗ ಬೇಕು."

ನನಗೆ ಸಕ್ಕರೆ ಕಾಯಿಲೆ. ಕುಡಿಯುವ ಹಾಗಿಲ್ಲ.
ಮೂಸಿ ಬರೆಯುತ್ತೇನೆ.

ಮೊದಲನೆಯದು ಕಡಂಗ. ಕಪ್ಪು, ದಪ್ಪ,
ನಾಲಿಗೆಗೆ ಮಣ್ಣು ತಾಗುತ್ತದಂತೆ.
ಬರೆದೆ: ಬೆಟ್ಟದಿಂದ ಬೆಟ್ಟಕ್ಕೆ ಆಳೆತ್ತರ ಅಗೆದ ಕಂದಕ,
ಹಗೆಯ ಕುದುರೆ ಎಡವಲೆಂದು;
ಈಗ ಅದರೊಳಗೆ ಜರಿಗಿಡ, ಕಾಡುಹಂದಿ,
ಸರ್ವೆ ಕಲ್ಲಿಗಾಗಿ ಅಣ್ಣತಮ್ಮಂದಿರ ಜಗಳ.
ಕೊನೇ ಸಾಲು ಹೊಡೆದುಹಾಕಿದಳು.
"ಚಿಕ್ಕಪ್ಪ ಓದ್ತಾರೆ."

ಎರಡನೆಯದು ಕಿತ್ತಳೆ.
ಮಾದಾಪುರದ ಯಾರದೋ ಹಿತ್ತಲಲ್ಲಿ ಉಳಿದ ಒಂದು ಮರದ ಸಿಪ್ಪೆ.
ಚಡ್ಡಿ ಹಾಕುವ ಕಾಲಕ್ಕೆ ನಾವು ಲಾರಿ ಹಿಂದೆ ಓಡುತ್ತಿದ್ದೆವು,
ತಿರುವಿನಲ್ಲಿ ಒಂದಾದರೂ ಉದುರಲಿ ಎಂದು.
ಆಮೇಲೆ ಎಲೆ ಹಳದಿಯಾಯಿತು, ಗಿಡ ಗಿಡವೇ ಕಡ್ಡಿಯಾಯಿತು.
ಬರೆದೆ: ರಾಜರು ಸತ್ತದ್ದಕ್ಕೆ ತಾರೀಖು ಇದೆ, ಹಣ್ಣು ಸತ್ತದ್ದಕ್ಕಿಲ್ಲ.
ಹಿಡಿಸಿತು ಅವಳಿಗೆ.
ಉಳಿದ ಜಾಗಕ್ಕೆಲ್ಲ ಹಣ್ಣಿನ ಚಿತ್ರ.

ಮೂರನೆಯದು ಅಂಚೆಓಟ. ಹಗುರ, ಸರ್ರನೆ ಇಳಿಯುತ್ತದೆ.
ಈಟಿಗೆ ಗೆಜ್ಜೆ ಕಟ್ಟಿ, ಹುಲಿಗೆ ಕೇಳಲೆಂದು ಕುಣಿಸುತ್ತ
ಸಂಪಾಜೆ ಘಾಟಿ ಇಳಿದವನು.
ಅವನ ಹೆಸರು ಕಡತದಲ್ಲಿಲ್ಲ. ಸಾಮಾನಿನ ಲೆಕ್ಕವಿದೆ:
ಗೆಜ್ಜೆ ಹನ್ನೆರಡು, ಕಂಬಳಿ ಒಂದು, ವಾಪಸು ಬಂದಿಲ್ಲ.

ನಾಲ್ಕನೆಯದಕ್ಕೆ ಹೆಸರು ಹುಟ್ಟಲಿಲ್ಲ.
ಗದ್ದೆಯ ಅಕ್ಕಿ, ಕಾಡಿನ ಜೇನು.
ಪುತ್ತರಿ ಎನ್ನಲೇ, ಕದಿರು ಎನ್ನಲೇ,
ಎರಡು ವಾರ ಪೆನ್ನು ಜಗಿದೆ.

ಬಾಟಲಿ ತೊಳೆಯುತ್ತಿದ್ದ ಪಾಲಿ, ಯರವರವಳು,
(ನಾನು ಪಾಠ ಮಾಡುವಾಗ ಇವಳು ಕಿಟಕಿಯಾಚೆ ದನ ಕಾಯುತ್ತಿದ್ದಳು)
ಕೈ ಒರೆಸಿಕೊಂಡು ಕೇಳಿದಳು:
"ಇದರಲ್ಲಿ ನಮ್ಮದು ಯಾವುದು ಮೇಷ್ಟ್ರೇ?"
"ಅಕ್ಕಿಯದು. ನಾಟಿ ನಿಮ್ಮದಲ್ಲವಾ?"
"ನಾಟಿ ಯಾರು ಬೇಕಾದ್ರೂ ಮಾಡ್ತಾರೆ.
ನಮ್ಮಜ್ಜಿಯ ಅಜ್ಜೀನ ಗದ್ದೆ ಜೊತೆ ಮಾರಿದ್ರಂತೆ.
ಎಷ್ಟಕ್ಕೆ ಅಂತ ಬರೀರಿ."

ಮೂವತ್ತೊಂದು ವರ್ಷದಲ್ಲಿ ಈ ಪಾಠ ಬಂದಿರಲಿಲ್ಲ.
ಪುಸ್ತಕದಲ್ಲಿಲ್ಲ ಎಂದುಕೊಂಡೇ ನಿವೃತ್ತನಾದೆ.

ಪೂವಮ್ಮನ ಐನ್‌ಮನೆಯ ಅಟ್ಟ. ಪೆಟ್ಟಿಗೆ. ಗೆದ್ದಲು ಬಿಟ್ಟ ಕಾಗದ.
ಮೂಡಣ ಗದ್ದೆ ಭಟ್ಟಿ ಹನ್ನೆರಡು. ಎಮ್ಮೆ ಎರಡು.
ಆಳು ಹೆಣ್ಣು ಒಂದು, ವರಹ ಏಳು.
ಕೆಳಗೆ ಪೂವಮ್ಮನ ಮುತ್ತಾತನ ತಂದೆಯ ರುಜು,
ಕತ್ತಿಯ ಗುರುತು, ಸ್ವಲ್ಪ ಸೊಟ್ಟ.

ಹೆಸರು ಸಿಕ್ಕಿತು: ಭಟ್ಟಿ.
ಗದ್ದೆ ಅಳೆಯುವುದಕ್ಕೂ ಅದೇ ಮಾತು, ಮದ್ಯ ಇಳಿಸುವುದಕ್ಕೂ.
ಕಾಗದದಲ್ಲಿದ್ದದ್ದನ್ನು ಇದ್ದ ಹಾಗೆ ಚೀಟಿಗೆ ಇಳಿಸಿದೆ,
ಒಂದು ಪದವೂ ಸೇರಿಸದೆ.

ಓದಿದಳು ಪೂವಮ್ಮ. ಪೆನ್ನು ಕೇಳಲಿಲ್ಲ.
ಮೊದಲ ಬಾಟಲಿ ಹಿಡಿದು ಕೈಮಡಕ್ಕೆ ಹೋದಳು,
ಕಾರಣರ ಮುಂದೆ ದೀಪವಿಟ್ಟು, ಚೀಟಿಯನ್ನು ಗಟ್ಟಿಯಾಗಿ ಓದಿ, ಎರೆದು,
ಕತ್ತಲಾದ ಮೇಲೆ ಬಂದಳು.
"ಏನಂದರು?" ಎಂದೆ.
"ಏನೂ ಅನ್ನಲಿಲ್ಲ. ಕುಡಿದರು."

ಆ ದಿನ ನಾನು ಮೂಸಿ ಬಿಡಲಿಲ್ಲ. ಒಂದು ಗುಟುಕು.
ಜೇನು ಮೊದಲು, ಹಿಂದಿನಿಂದ ಕಹಿ, ಬಹಳ ಹೊತ್ತು.
ಹಾಪ್ಸಿನದು ಅದು, ಎಂದಳು ಪೂವಮ್ಮ.

ಪಾಲಿಗೆ ಚೀಟಿ ಓದಿ ಹೇಳಿದೆ.
ಬಾಟಲಿಯನ್ನು ಬಲ್ಬಿಗೆ ಹಿಡಿದು ತಿರುಗಿಸಿದಳು, ಬೆಲೆ ಕೇಳಿದಳು.
"ಮುನ್ನೂರ ಅರವತ್ತು."
"ಅಜ್ಜಿಗಿಂತ ಜಾಸ್ತಿ," ಎಂದಳು,
ಮತ್ತೆ ಬಚ್ಚಲ ಕಡೆ ಹೊರಳಿ ಕೂತಳು.
ಇನ್ನೂ ಇನ್ನೂರು ಬಾಟಲಿ ಇದ್ದವು.