ದಪ್ಪಕ್ಷರ

ಮಂಡ್ಯದ ಕೋರ್ಟಿನೆದುರು ಪಾರಿಜಾತ ಜೆರಾಕ್ಸಿನ ಒಳಗೆ
ಒಂದೇ ಒಂದು ಇ-ಮೇಲ್ ವಿಳಾಸ. ನನ್ನದಲ್ಲ,
ಅಂಗಡಿಯದು. ಅಂಗಡಿಯದೂ ಅಲ್ಲ,
ಫಾರಂ ತುಂಬುವಾಗ "ಇಲ್ಲೇನು ಬರೀಲಿ?" ಅಂದರೆ
"ನಿಮ್ದೇ ಹಾಕ್ಬುಡಿ ಮೇಡಮ್ಮೋರೆ" ಅಂದವರೆಲ್ಲರದು.

ಹಾಗಾಗಿ ಈ ಡಬ್ಬಿಯೊಳಗೆ ಒಂದು ಊರೇ ಇದೆ.
ಬೂದನೂರಿನ ಹುಡುಗಿಯ ನರ್ಸಿಂಗ್ ಸೀಟು,
ಗುತ್ತಲು ರಸ್ತೆಯ ನಯಾಜನ ಪಾಸ್‌ಪೋರ್ಟು,
ಯಾರದೋ ರೈಲು ಟಿಕೆಟ್ಟಿನ ವಾಪಸು ದುಡ್ಡು,
ನಡುವೆ, ನನಗೆ ಸಾಲ ಕೊಡಲು ತುದಿಗಾಲಲ್ಲಿ ನಿಂತ ಒಂದು ಬ್ಯಾಂಕು.

ಬೋರಮ್ಮ ಬರುವುದು ಎರಡು ಗಂಟೆಗೆ,
ಆಸ್ಪತ್ರೆಯ ಪಾಳಿ ಮುಗಿಸಿ, ಕೈತುಂಬ ಫಿನಾಯಿಲ್ ವಾಸನೆ.
ಹಳೇ ಕಂತ್ರಾಟುದಾರನ ಕೆಳಗೆ ಹದಿನೇಳು ವರ್ಷ
ವಾರ್ಡು ಗುಡಿಸಿದ ಪಿ.ಎಫ್. ದುಡ್ಡು
ಒಂದು ಅಕ್ಷರಕ್ಕೆ ಸಿಕ್ಕಿಕೊಂಡಿದೆ:
ಆಧಾರಿನಲ್ಲಿ ಬೋರಮ್ಮ, ಅವನ ಕಡತದಲ್ಲಿ ಬೀರಮ್ಮ.
"ನಾವು ಬೋರಪ್ಪನ ಒಕ್ಕಲು ಕಣವ್ವ, ಬೀರಪ್ಪನದಲ್ಲ.
ದೇವ್ರನ್ನೇ ಬದ್ಲಾಯಿಸ್ಬುಟ್ಟವ್ರೆ."

ಓದು ಬರದು. ಆದರೆ ಮೊದಲ ವಾರದಲ್ಲೇ ಕಂಡುಹಿಡಿದಳು:
ಹೊಸದು ದಪ್ಪಗಿರುತ್ತದೆ, ಮುಟ್ಟಿದರೆ ಸೊರಗುತ್ತದೆ.
ಅಂದಿನಿಂದ ಬಂತಾ ಎಂದು ಕೇಳುವುದಿಲ್ಲ.
ಬಾಗಿಲಲ್ಲಿ ಚಪ್ಪಲಿ ಬಿಟ್ಟು
"ದಪ್ಪಗದಾ?" ಎನ್ನುತ್ತಾಳೆ.

ಒತ್ತುತ್ತೇನೆ.
ತನ್ನ ಬಾಲವನ್ನು ತಾನೇ ಅಟ್ಟಿಸಿಕೊಂಡು
ಬಾಣವೊಂದು ಸುತ್ತುತ್ತದೆ.
ಹೊರಗೆ ಮರಿಸ್ವಾಮಿಯ ಕಬ್ಬಿನ ಹಾಲಿನ ಗಾಡಿ,
ಗೆಜ್ಜೆ ಕಟ್ಟಿದ ಚಕ್ರ ಅದೇ ಹೊತ್ತಿಗೆ ಜಲ್ ಎನ್ನುತ್ತದೆ,
ನನ್ನ ಬೆರಳೇ ಅದನ್ನು ತಿರುಗಿಸಿದ ಹಾಗೆ.
ಜಲ್ಲೆಯನ್ನು ಒಂದೇ ಸಲಕ್ಕೆ ಬಿಡುವವನಲ್ಲ ಅವನು.
ಮಡಚಿ ಕೊಡುತ್ತಾನೆ, ನಿಂಬೆ ಶುಂಠಿ ನಡುವಿಟ್ಟು ಮತ್ತೆ ಕೊಡುತ್ತಾನೆ,
ಸಿಪ್ಪೆ ಬಿಳಿಚಿ, ಇನ್ನೇನೂ ಇಲ್ಲ ಎಂದಾದ ಮೇಲೂ ಮತ್ತೊಮ್ಮೆ.
ಒಂದು ತೊಟ್ಟು ಇದ್ದೇ ಇರ್ತದೆ ಎನ್ನುತ್ತಾನೆ.

"ಇನ್ನೊಂದ್ಕಿತ ಒತ್ತವ್ವ."
ಒತ್ತುತ್ತೇನೆ. ಜಲ್.
ನಿನ್ನೆಯವೇ, ಅದೇ ಸಾಲು, ಅದೇ ಸರತಿ.
"ಎಲ್ಲಾ ಸಣ್ಣಗವೆ" ಎಂದು
ಸೆರಗಿನ ತುದಿಯಿಂದ ಪರದೆಯ ಧೂಳು ಒರೆಸಿ
ಇನ್ನೊಮ್ಮೆ ನೋಡುತ್ತಾಳೆ.
ಐದು ರೂಪಾಯಿ ಇಡುತ್ತಾಳೆ. ಬೇಡವೆಂದರೆ,
"ಬಿಟ್ಟಿ ಒತ್ತಿದ್ರೆ ಬತ್ತದಾ?"

ಆಷಾಢ ಹೋಯಿತು, ಪಿತೃಪಕ್ಷ ಹೋಯಿತು.
ಬ್ಯಾಂಕು ಮಾತ್ರ ದಿನವೂ ದಪ್ಪಗೆ ಬಂದು ಕೂರುತ್ತಿತ್ತು.
ಅವಳಿಗೆ ಸುಮ್ಮನೆ ಆಸೆ ಹುಟ್ಟದಿರಲೆಂದು
ಒಂದೂಮುಕ್ಕಾಲಿಗೇ ಅಳಿಸಿಬಿಡುತ್ತಿದ್ದೆ.

ನಾನೂ ಒಂದನ್ನು ಕಾಯುತ್ತಿದ್ದೇನೆ, ಇದೇ ಡಬ್ಬಿಯಲ್ಲಿ.
ಅದರ ಮಾತು ಇಲ್ಲಿ ಬೇಡ.
ಅವಳಿಗೆಂದು ಒತ್ತಿದ್ದರಲ್ಲಿ
ಎರಡಕ್ಕೊಂದು ನನಗೆ, ಅಷ್ಟೆ.

ನಿನ್ನೆ ರಾತ್ರಿ, ಷಟರ್ ಎಳೆಯುವ ಮುಂಚೆ,
ಮರಿಸ್ವಾಮಿ ಚಕ್ರಕ್ಕೆ ಗೋಣಿ ಹೊದಿಸಿ ಹೋದ ಮೇಲೆ,
ಅಭ್ಯಾಸಬಲಕ್ಕೆ ಒತ್ತಿದೆ.
ಗೆಜ್ಜೆಯಿಲ್ಲ, ಏನಿಲ್ಲ.
ಬಂದಿತ್ತು.

ತೆರೆದೆ. ಇಡೀ ಕಾಗದ ಇಂಗ್ಲಿಷು,
ಕೊನೆಗೆ, ಇದಕ್ಕೆ ಉತ್ತರಿಸಬೇಡಿ ಎಂಬ ಗದರಿಕೆ,
ನಡುವೆ ಒಂದು ಮೊತ್ತ, ಒಂದು ತಾರೀಖು,
ಬೋ ಇರಬೇಕಾದಲ್ಲಿ ಬೋ.

ಹಿಂದಕ್ಕೆ ಬಂದು ನೋಡಿದರೆ ಸಾಲು ಸೊರಗಿತ್ತು.
ನನ್ನ ಕಣ್ಣು ತಾಗಿ.
ಅವಳದನ್ನು ನಾನು ಉಂಡು ಎಲೆ ಬಿಟ್ಟ ಹಾಗೆ.

ಮೂಲೆಯ ಮೂರು ಚುಕ್ಕಿ ಒತ್ತಿ ಹುಡುಕಿದೆ.
ಓದಿಲ್ಲ ಎಂದು ಗುರುತಿಸಿ.
ಗುರುತಿಸಿದೆ.
ಮತ್ತೆ ಮೈತುಂಬಿಕೊಂಡಿತು.

ಈಗ ಎರಡಕ್ಕೆ ಐದು ನಿಮಿಷ.
ನಯಾಜ್ ಬಂದು ಇಣುಕಿ ಹೋದ.
ಬೂದನೂರಿನ ಹುಡುಗಿ ಸ್ಟೂಲಿನ ಮೇಲೆ ಕೂತು
"ಅಕ್ಕ, ಮೇಲಿನದು ಹೊಸದು, ತೆಗೀರಿ" ಎನ್ನುತ್ತಿದ್ದಾಳೆ.
ಮೌಸಿನಿಂದ ಕೈ ತೆಗೆದು
ಮಡಿಲಲ್ಲಿಟ್ಟುಕೊಂಡು ಕೂತಿದ್ದೇನೆ.

ರಸ್ತೆಯಾಚೆ, ಬಿಸಿಲಿಗೆ ಬುತ್ತಿಚೀಲ ತಲೆಗೆ ಅಡ್ಡ ಹಿಡಿದು
ಕಬ್ಬಿನ ಲಾರಿ ದಾಟಲೆಂದು ನಿಂತಿದ್ದಾಳೆ.
ಲಾರಿ ಉದ್ದಕ್ಕಿದೆ.