ಮಗ್ಗುಲಿಗೆ ಇಷ್ಟು

ಕಾಟನ್‌ಪೇಟೆಯ ಮಠ. ಪಾರುಪತ್ಯದ ಷಡಕ್ಷರಯ್ಯ
ಕ್ಯಾಲ್ಕುಲೇಟರನ್ನು ನನ್ನ ಕಡೆ ತಿರುಗಿಸಿದರು:
ತಾಳೆಗರಿಯ ಒಂದು ಮಗ್ಗುಲಿಗೆ ಹನ್ನೆರಡು.

ಎಂಟು, ಅಂದೆ. ಕರೆಂಟು ಹೋಯಿತು.
ಕತ್ತಲಲ್ಲೇ ಒಂಬತ್ತಕ್ಕೆ ಬಂದೆವು.

ಹುಳು ತಿಂದದ್ದಕ್ಕೆ?
"ಅದಕ್ಕೂ ಅಷ್ಟೇ. ಹುಳದ ಹತ್ತಿರ
ನಾವು ರಸೀದಿ ಹರಿಸಿಲ್ಲ."

ಕಟ್ಟಿನ ಕೊನೆಗೆ ಬರೆಯದೆ ಬಿಟ್ಟ ನಾಲ್ಕು ಗರಿ.
ಖಾಲಿ, ಇವಕ್ಕೆ ಕೊಡಲ್ಲ, ಅಂದೆ.
ಅವರು ಕನ್ನಡಕ ತೆಗೆದು ಪಂಚೆಯಂಚಿಗೆ ಒರೆಸಿ
ಮತ್ತೆ ಹಾಕಲಿಲ್ಲ.
"ಬರೀಬೇಕು ಅಂತ ತಾನೆ
ಇಟ್ಕೊಂಡಿದ್ದು ಅವನು."

ಹೊರಗೆ ಗೂಡ್ಸ್ ಆಟೋವೊಂದು
ಕಿರುಚುತ್ತ ಹಿಂದಕ್ಕೆ ಬರುತ್ತಿತ್ತು.
ಎಪ್ಪತ್ತೆರಡು ರೂಪಾಯಿ ಬೇರೆಯಾಗಿ ಎಣಿಸಿಟ್ಟೆ,
ಎರಡು ರೂಪಾಯಿಗೆ ಚಿಲ್ಲರೆ ಹುಡುಕಿ.

ಲೆನ್ಸಿನಡಿ, ನಾಲ್ಕನೆಯ ಗರಿಯ ಹಿಂಬದಿಗೆ,
ಎಣ್ಣೆಮಸಿಯ ಅರ್ಧ ಹೆಬ್ಬೆಟ್ಟು.
ಫೋಕಸ್ ಸಿಗಲು ಬಹಳ ಹೊತ್ತು ಹಿಡಿಯಿತು.